ಪಾಸ್ಟರ್ ಯಾರಿಗೆ ಉತ್ತರ ಕೊಡಬೇಕು? ಇವಾಂಜೆಲಿಕಲ್ ಸಭೆಗಳನ್ನು ಬಿಡಿಸಿ ನೋಡಿದಾಗ

2025ರ ಜುಲೈಯಲ್ಲಿ ಮಹಾರಾಷ್ಟ್ರದ ಕಂದಾಯ ಸಚಿವ ಚಂದ್ರಶೇಖರ ಬಾವನ್‌ಕುಳೆ, ನಂದುರ್ಬಾರ್ ಭಾಗದ ಅನಧಿಕೃತ ಚರ್ಚುಗಳನ್ನು ಆರು ತಿಂಗಳೊಳಗೆ ತೆರವು ಮಾಡಿಸುವುದಾಗಿ ವಿಧಾನಸಭೆಯಲ್ಲಿ ಹೇಳಿದರು. ಮತಾಂತರದ ವಿರುದ್ಧ ಕಠಿಣ ಕಾನೂನಿನ ಮಾತೂ ಅದರ ಜೊತೆಗೇ ಬಂತು. ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಬೇರೆಯೇ ಸುದ್ದಿ. ಸಾರಾ ಮುಲಾಲಿ ಇಂಗ್ಲೆಂಡಿನ ಚರ್ಚಿನ ಹಿರಿಯ ಪೀಠವಾದ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗಿ ನೇಮಕಗೊಂಡರು. ಎರಡು ವಾರ ಕಳೆಯುವಷ್ಟರಲ್ಲಿ, ಆಫ್ರಿಕದ ಬಿಷಪ್‌ಗಳ ಬಲ ಹೆಚ್ಚಿರುವ ಗಾಫ್‌ಕಾನ್ ಕೂಟವು ತಾನೇ ನಿಜವಾದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಒಕ್ಕೂಟವೆಂದೂ, ಕ್ಯಾಂಟರ್ಬರಿಯ ಹಿರಿತನವನ್ನು ಇನ್ನು ಒಪ್ಪುವುದಿಲ್ಲವೆಂದೂ ಘೋಷಿಸಿತು. ಅದೇ ವರ್ಷ ಜೂನ್‌ನಲ್ಲಿ ಹೊರಬಿದ್ದ ಬ್ರೆಜಿಲಿನ 2022ರ ಜನಗಣತಿಯಲ್ಲಿ ಕ್ಯಾಥೊಲಿಕರ ಪಾಲು ಶೇ. 56.7ಕ್ಕೆ ಇಳಿದು, ಇವಾಂಜೆಲಿಕಲ್ಲರ ಪಾಲು ಶೇ. 26.9ಕ್ಕೆ ಏರಿತ್ತು.

ಬಾಗಿಲಿಗೆ ಬೋರ್ಡೂ ಇಲ್ಲದ ಮನೆ ಸಭೆ, ಇಂಗ್ಲೆಂಡಿನ ರಾಜಮನೆತನದ ಚರ್ಚಿನೊಡನೆ ಜಗಳಕ್ಕಿಳಿದ ನೈಜೀರಿಯದ ಬಿಷಪ್, ಸಾವೊ ಪಾವ್ಲೊದ ಟೀವಿ ಪ್ರಸಂಗಿ. ಇವರೆಲ್ಲರಿಗೂ ‘ಇವಾಂಜೆಲಿಕಲ್’ ಎಂಬ ಹೆಸರು ಅಂಟುತ್ತದೆ. ಇವರೆಲ್ಲ ಒಂದೇ ಗುಂಪೇ? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ಮಂಗಳೂರು ಕಡೆಯ ಕ್ಯಾಥೊಲಿಕರು, ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟರು, ಬೀದರ್ ಸೀಮೆಯ ಮೆಥಡಿಸ್ಟರು, ವಿಜಯಪುರ-ಬಾಗಲಕೋಟೆ-ಗದಗದಿಂದ ದುಡಿಯಲು ಬಂದು ಈಚೆಗೆ ಪ್ರಾರ್ಥನೆಗೆ ಹೋಗತೊಡಗಿದವರು, ಎಲ್ಲರೂ ಇಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ. ಸುದ್ದಿ ಬಂದಾಗ ಎಲ್ಲರ ಮೇಲೂ ಬೀಳುವ ಹೆಸರು ಮಾತ್ರ ಒಂದೇ: ‘ಮಿಷನರಿಗಳು’. ಈ ಹೆಸರಿನಿಂದ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಕೆಲವರಿಗೆ ನಿಜವಾದ ಪೆಟ್ಟು ಬೀಳುತ್ತದೆ.

ಪಂಗಡವಲ್ಲ, ಪಂಗಡಗಳ ನಡುವೆ ಹಾಯುವ ಎಳೆ

ಇವಾಂಜೆಲಿಕಲ್ಲರೆಲ್ಲರೂ ಸೇರಿರುವ ಒಂದೇ ಚರ್ಚ್ ಜಗತ್ತಿನಲ್ಲಿ ಎಲ್ಲೂ ಇಲ್ಲ. ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ, ಎಲ್ಲರೂ ಸಹಿ ಹಾಕಿದ ಒಂದು ಸಂವಿಧಾನವೂ ಇಲ್ಲ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬ್ಬಿಂಗ್ಟನ್ 1989ರಲ್ಲಿ ಗುರುತಿಸಿದ ನಾಲ್ಕು ಲಕ್ಷಣಗಳನ್ನೇ ಇಂದಿಗೂ ವಿದ್ವಾಂಸರು ಅಳತೆಗೋಲಾಗಿ ಬಳಸುತ್ತಾರೆ. ಬೈಬಲ್ಲೇ ಕೊನೆಯ ಪ್ರಮಾಣ. ಶಿಲುಬೆಯ ಮೇಲೆ ಯೇಸು ಕೊಟ್ಟ ಬಲಿಯೇ ರಕ್ಷಣೆಯ ದಾರಿ. ಪ್ರತಿಯೊಬ್ಬರೂ ತಾವೇ ಮನಸ್ಸು ತಿರುಗಿಸಿಕೊಂಡು ಹೊಸದಾಗಿ ಹುಟ್ಟಬೇಕು. ನಂಬಿದವರು ಸುಮ್ಮನೆ ಕೂರದೆ ಸುವಾರ್ತೆ ಸಾರಬೇಕು, ಸೇವೆಗಿಳಿಯಬೇಕು.

ಇಳಕಲ್ ಸೀರೆಯ ಹಾಸು ಹೊಕ್ಕಿನ ಲೆಕ್ಕದಲ್ಲಿ ಹೇಳುವುದಾದರೆ ಆಂಗ್ಲಿಕನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಎಂಬ ಪಂಗಡಗಳು ಹಾಸು; ಇವಾಂಜೆಲಿಕಲ್ ಎಂಬುದು ಅಡ್ಡಕ್ಕೆ ಹಾಯುವ ಹೊಕ್ಕು. ಕೆಲವು ಸಭೆಗಳಲ್ಲಿ ಅದು ದಟ್ಟ, ಕೆಲವು ಕಡೆ ತೆಳು. ಒಂದೇ ಮೆಥಡಿಸ್ಟ್ ಚರ್ಚಿನ ಒಂದೇ ಬೆಂಚಿನಲ್ಲಿ ಇವಾಂಜೆಲಿಕಲ್ ಮನಸ್ಸಿನವರೂ ಅಲ್ಲದವರೂ ಕೂತಿರುತ್ತಾರೆ. ವಿಶ್ವ ಇವಾಂಜೆಲಿಕಲ್ ಒಕ್ಕೂಟವು ತನ್ನ ಬಳಗ 60 ಕೋಟಿ ಎಂದು ಹೇಳಿಕೊಳ್ಳುವುದೂ ಇಂಥ ಎಲ್ಲ ಎಳೆಗಳನ್ನು ಕೂಡಿಸಿಯೇ. ಆ ಒಕ್ಕೂಟದ ಬೇರು 1846ರ ಲಂಡನ್ ಸಮ್ಮೇಳನದಲ್ಲಿದೆ. ಭಾರತದ ಇವಾಂಜೆಲಿಕಲ್ ಫೆಲೋಶಿಪ್ ಹುಟ್ಟಿದ್ದು 1951ರಲ್ಲಿ. ಇವೆಲ್ಲ ಸ್ನೇಹಕೂಟಗಳು. ಯಾವ ಪಾಸ್ಟರನ್ನೂ ಕೆಲಸದಿಂದ ತೆಗೆಯುವ ಅಧಿಕಾರ ಇವುಗಳಿಗಿಲ್ಲ.

ನಾಲ್ಕರಲ್ಲಿ ಮೂರನೆಯ ಲಕ್ಷಣದ ಬಗ್ಗೆ ಹೆಚ್ಚು ಗಮನ ಬೇಕು. ಹೊಸ ಜನ್ಮವೆಂಬುದು ಹಿಂದೂ ಕ್ರೈಸ್ತನಾಗುವುದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಕ್ರೈಸ್ತ ಮನೆಯಲ್ಲೇ ಹುಟ್ಟಿ, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರಿಗೂ ‘ನಿನಗಿನ್ನೂ ರಕ್ಷಣೆಯಾಗಿಲ್ಲ’ ಎಂದು ಹೇಳುವುದು ಇದೇ ನಂಬಿಕೆ. ಪೆಂಟೆಕೋಸ್ಟಲ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳು ಅಂಥವರಿಗೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತವೆ. ಆದ್ದರಿಂದ ಈ ಸಭೆಗಳ ಮೊದಲ ತಿಕ್ಕಾಟ ಬಹಳಷ್ಟು ಸಲ ಹಳೆಯ ಚರ್ಚುಗಳ ಜೊತೆಗೇ ನಡೆಯುತ್ತದೆ. ಮನೆಯೊಳಗೆ ಅತ್ತೆ ಕ್ಯಾಥೊಲಿಕ್, ಸೊಸೆ ‘ಬಿಲೀವರ್’ ಆಗಿ, ಜಪಸರ ಮತ್ತು ಮಾತೆ ಮರಿಯಳ ಪ್ರತಿಮೆಯ ವಿಷಯದಲ್ಲಿ ಮನಸ್ತಾಪ ಬೆಳೆಯುವುದಕ್ಕೂ ಇದೇ ಕಾರಣ.

ಹೊರಗೆ ನಿಲ್ಲುವವರನ್ನೂ ಗುರುತಿಸಿಕೊಳ್ಳುವುದು ಒಳ್ಳೆಯದು. ಮನೆಮನೆಗೆ ಹೋಗಿ ಪತ್ರಿಕೆ ಹಂಚುವ ಯೆಹೋವನ ಸಾಕ್ಷಿಗಳು ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕ ತತ್ವವನ್ನು ಒಪ್ಪುವುದಿಲ್ಲ. ಹಾಗಾಗಿ ಇವಾಂಜೆಲಿಕಲ್ಲರು ಅವರನ್ನು ತಮ್ಮವರೆಂದು ಎಣಿಸುವುದಿಲ್ಲ. ಶನಿವಾರ ಸಬ್ಬತ್ ಆಚರಿಸುವ, ಪುಣೆಯಲ್ಲಿ ಸ್ಪೈಸರ್ ವಿಶ್ವವಿದ್ಯಾಲಯ ನಡೆಸುವ ಅಡ್ವೆಂಟಿಸ್ಟರ ವಿಷಯದಲ್ಲಿ ಅಭಿಪ್ರಾಯ ಎರಡಾಗಿದೆ.

ಹಳೆಯ ಹಾದಿಗಳು

ಕನ್ನಡ ನಾಡಿಗೆ ಈ ಎಳೆ ಬಂದದ್ದು ಜರ್ಮನ್ ಭಾಷಿಕರ ಭಕ್ತಿ ಚಳವಳಿಯ ಮೂಲಕ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, ಆ ದಶಕ ಮುಗಿಯುವುದರೊಳಗೆ ಧಾರವಾಡ-ಹುಬ್ಬಳ್ಳಿಗೆ ಕಾಲಿಟ್ಟಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರ ಕಿಟ್ಟೆಲ್ ನಿಘಂಟು, ಹೆಂಚಿನ ಕಾರ್ಖಾನೆ, ನೇಯ್ಗೆ, ಶಾಲೆಗಳೆಲ್ಲ ಅದೇ ಮಿಷನ್ನಿನ ಕೊಡುಗೆಗಳು. ಕನ್ನಡಿಗರು ಕಿಟ್ಟೆಲ್ಲರನ್ನು ಭಾಷಾಸೇವಕರೆಂದು ನೆನೆಯುವುದು ಸರಿಯೇ. ಅವರನ್ನು ಇಲ್ಲಿಗೆ ಕಳಿಸಿದ್ದು ಮಾತ್ರ ಇವಾಂಜೆಲಿಕಲ್ ಉತ್ಸಾಹವೇ ಎಂಬುದನ್ನು ಮರೆಯುವಂತಿಲ್ಲ.

ಮುಂಬೈಗೆ ದಾರಿ ಬೇರೆ. ಅಮೆರಿಕದ ಮಿಷನರಿಗಳು 1813ರಲ್ಲಿ, ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1829ರಲ್ಲಿ ಬಂದಿಳಿದರು. 1870ರ ದಶಕದ ಹೊತ್ತಿಗೆ ಅಮೆರಿಕದ ಮೆಥಡಿಸ್ಟರು ಸಭೆ ಕಟ್ಟಿದರು. ಅವರ ಮುಂದಿನ ಪೀಳಿಗೆಯ ಕೆಲಸ ಬೀದರ್ ತನಕ ಹಬ್ಬಿತು. ಆ ಸೀಮೆಯ ಮೆಥಡಿಸ್ಟ್ ಕುಟುಂಬಗಳು ಕೂಲಿ, ಕಟ್ಟಡ ಕೆಲಸ ಹುಡುಕಿ ಮುಂಬೈ-ಪುಣೆಗೆ ಬಂದಾಗ ಕನ್ನಡದ ಕೀರ್ತನೆಗಳೂ ಜೊತೆಗೆ ಬಂದವು.

ಕೇಡಗಾವ್‌ನಿಂದ ಚಿಲಿಯವರೆಗೆ

ಪೆಂಟೆಕೋಸ್ಟಲ್ ಎಂದರೆ ಅಮೆರಿಕದಿಂದ ಆಮದಾದ ಸರಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಪುಣೆ ಜಿಲ್ಲೆಯ ಕೇಡಗಾವ್‌ನ ಇತಿಹಾಸ ಬಲ್ಲವರು ಇದನ್ನು ಪೂರ್ತಿ ಒಪ್ಪಲಾರರು.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಇಂದು ಕರ್ನಾಟಕಕ್ಕೆ ಸೇರಿದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಣ್ಣುಮಗಳಿಗೂ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾದವರು. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ರಮಾಬಾಯಿ ಕಲ್ಕತ್ತೆಯಲ್ಲಿ ಪಂಡಿತೆ ಎನಿಸಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಅದನ್ನು ಪುಣೆಗೆ ತಂದರು. ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಯತ್ತ ವಾಲುತ್ತಿದ್ದಾರೆಂಬ ಆಕ್ಷೇಪ ಎದ್ದಾಗ, 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೂ ಸಲಹಾ ಮಂಡಳಿಯಿಂದ ಹೊರನಡೆದರು. ಇಂದಿನ ವಾದವಿವಾದದ ಹೆಚ್ಚಿನ ಮಾತುಗಳು ಆಗಲೇ ಪುಣೆಯಲ್ಲಿ ಆಡಿ ಮುಗಿದಿದ್ದವು.

1896-97ರ ಬರದಲ್ಲಿ ಅನಾಥರಾದ ನೂರಾರು ಹುಡುಗಿಯರಿಗೆ ಕೇಡಗಾವ್‌ನಲ್ಲಿ ರಮಾಬಾಯಿ ಕಟ್ಟಿದ ‘ಮುಕ್ತಿ’ ಆಶ್ರಮ ಆಶ್ರಯವಾಯಿತು. ಅಲ್ಲಿ 1905ರಲ್ಲಿ ಉಜ್ಜೀವನ ಶುರುವಾಯಿತು: ಹಗಲಿರುಳು ಪ್ರಾರ್ಥನೆ, ಅಳು, ಪಾಪನಿವೇದನೆ, ಪವಿತ್ರಾತ್ಮನ ಬೆಂಕಿಯ ಅನುಭವ. ಮುಂದೆ ಅನ್ಯಭಾಷೆಯಲ್ಲಿ, ಅಂದರೆ ತಾವು ಕಲಿಯದ ನುಡಿಯಲ್ಲಿ, ಮಾತನಾಡುವುದೂ ಕಾಣಿಸಿಕೊಂಡಿತು. ಪೆಂಟೆಕೋಸ್ಟಲ್ ಚಳವಳಿಯ ಹುಟ್ಟೆಂದು ಎಲ್ಲರೂ ಬೊಟ್ಟುಮಾಡುವ ಲಾಸ್ ಏಂಜಲೀಸ್‌ನ ಅಝೂಸಾ ಬೀದಿಯ ಸಭೆಗಳು ಆರಂಭವಾದದ್ದು 1906ರ ಏಪ್ರಿಲ್‌ನಲ್ಲಿ. ಮುಕ್ತಿಯ ಸಹಾಯಕಿ ಮಿನ್ನಿ ಏಬ್ರಮ್ಸ್ ಈ ಅನುಭವವನ್ನು ಚಿಕ್ಕ ಪುಸ್ತಿಕೆಯಾಗಿ ಬರೆದು ಚಿಲಿಯ ವಾಲ್ಪರೈಸೊದಲ್ಲಿದ್ದ ಗೆಳತಿ ಮೇ ಹೂವರ್ ಅವರಿಗೆ ಕಳಿಸಿದರು. ಅವರೂ ಅವರ ಗಂಡ, ಮೆಥಡಿಸ್ಟ್ ಪಾದ್ರಿ ವಿಲ್ಲಿಸ್ ಹೂವರ್, ಅದನ್ನು ಓದಿ ತಮ್ಮ ಸಭೆಯಲ್ಲೂ ಇದಕ್ಕಾಗಿ ಪ್ರಾರ್ಥಿಸತೊಡಗಿದರು. 1909ರಲ್ಲಿ ಅಲ್ಲಿ ಉಜ್ಜೀವನವಾಯಿತು, ಮೆಥಡಿಸ್ಟ್ ಅಧಿಕಾರಿಗಳು ಒಪ್ಪಲಿಲ್ಲ, ಸಭೆ ಒಡೆಯಿತು. ಚಿಲಿಯ ಇಂದಿನ ದೊಡ್ಡ ಪೆಂಟೆಕೋಸ್ಟಲ್ ಸಭೆಗಳು ಆ ಒಡಕಿನಿಂದ ಬೆಳೆದವು.

ಅಂದರೆ ಗಂಗಾಮೂಲದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಪುಣೆ ಬಳಿ ಕಟ್ಟಿದ ಆಶ್ರಮದ ಅನುಭವ ದಕ್ಷಿಣ ಅಮೆರಿಕದ ಒಂದು ದೇಶದ ಧರ್ಮಚಿತ್ರವನ್ನೇ ಬದಲಿಸಿತು. ಮುಕ್ತಿಯವರ ಇನ್ನೊಂದು ನಿಲುವನ್ನೂ ಹೇಳಬೇಕು. ಅನ್ಯಭಾಷೆ ಆಡದವರಿಗೆ ಪವಿತ್ರಾತ್ಮನ ಅನುಭವವೇ ಆಗಿಲ್ಲ ಎಂಬ ಕಟ್ಟುನಿಟ್ಟಿನ ವಾದವನ್ನು ಅವರು ಒಪ್ಪಲಿಲ್ಲ. 1914ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಅಸೆಂಬ್ಲೀಸ್ ಆಫ್ ಗಾಡ್ ಅದನ್ನೇ ಸಿದ್ಧಾಂತ ಮಾಡಿಕೊಂಡಿತು. ಪವಿತ್ರಾತ್ಮನ ವರಗಳು ಇಂದೂ ಸಿಗುತ್ತವೆಯೇ, ಸಿಕ್ಕರೆ ಗುರುತೇನು ಎಂಬುದರ ಮೇಲೆ ಇವಾಂಜೆಲಿಕಲ್ ಲೋಕ ಇಂದಿಗೂ ಒಡೆದೇ ಇದೆ. ಹಲವು ಬ್ಯಾಪ್ಟಿಸ್ಟರು ಮತ್ತು ಬ್ರೆದ್ರನ್ ಸಭೆಯವರು ಇಂಥ ವರಗಳು ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲಕ್ಕೇ ಮುಗಿದವು ಎನ್ನುತ್ತಾರೆ. ಇನ್ನೊಂದು ಕಡೆ, ಚಪ್ಪಾಳೆ ತಟ್ಟಿ ಹಾಡುವ, ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಕ್ಯಾಥೊಲಿಕ್ ಕ್ಯಾರಿಸ್ಮ್ಯಾಟಿಕ್ ಕೂಟಗಳು ಮುಂಬೈಯಲ್ಲಿ 1970ರ ದಶಕದಿಂದಲೂ ಇವೆ. ಅವರು ಪೋಪರ ಅಧೀನದ ಕ್ಯಾಥೊಲಿಕರೇ. ಆರಾಧನೆಯ ಸದ್ದು ಕೇಳಿ ಯಾರು ಯಾವ ಸಭೆಯವರು ಎಂದು ಹೇಳುವುದು ಸಾಧ್ಯವಿಲ್ಲ.

ಕೀಲಿ ಇರುವುದು ಆಡಳಿತದಲ್ಲಿ

ಸಿದ್ಧಾಂತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ. ಈ ಪಾಸ್ಟರ್ ತಪ್ಪು ಮಾಡಿದರೆ ಕೇಳುವವರು ಯಾರು?

ಸಿಎಸ್‌ಐ (ದಕ್ಷಿಣ ಭಾರತ ಚರ್ಚ್) 1947ರಲ್ಲಿ, ಸಿಎನ್‌ಐ (ಉತ್ತರ ಭಾರತ ಚರ್ಚ್) 1970ರಲ್ಲಿ ಹಲವು ಪಂಗಡಗಳು ಒಂದಾಗಿ ಆದ ಚರ್ಚುಗಳು. 1718ರಲ್ಲಿ ತೆರೆದ ಮುಂಬೈ ಕೋಟೆಯ ಸೇಂಟ್ ಥಾಮಸ್ ಕ್ಯಾಥೆಡ್ರಲ್ ಈಗ ಸಿಎನ್‌ಐಗೆ ಸೇರಿದೆ. ಎರಡೂ ಚರ್ಚುಗಳು ಆಂಗ್ಲಿಕನ್ ಒಕ್ಕೂಟದ ಸದಸ್ಯರಾದ ಕಾರಣ ಗಾಫ್‌ಕಾನ್ ಜಗಳದ ಬಿಸಿ ಇವಕ್ಕೂ ತಟ್ಟುತ್ತದೆ. ಸಿಎಸ್‌ಐ 2013ರಲ್ಲೇ ಮಹಿಳಾ ಬಿಷಪ್‌ರನ್ನು ಕಂಡಿತ್ತು; ಇಂಗ್ಲೆಂಡಿನ ಚರ್ಚಿಗೆ ಅದು ಸಾಧ್ಯವಾದದ್ದು 2015ರಲ್ಲಿ. ಗಾಫ್‌ಕಾನ್ ಹುಟ್ಟಿದ್ದು 2008ರಲ್ಲಿ, ಸಲಿಂಗ ಸಂಬಂಧದ ವಿಷಯದಲ್ಲಿ ಪಾಶ್ಚಾತ್ಯ ಚರ್ಚುಗಳು ಬೈಬಲ್ ಬಿಟ್ಟವೆಂಬ ಸಿಟ್ಟಿನಲ್ಲಿ; 2023ರಲ್ಲಿ ಇಂಗ್ಲೆಂಡಿನ ಚರ್ಚ್ ಸಲಿಂಗ ಜೋಡಿಗಳಿಗೆ ಆಶೀರ್ವಾದ ಕೊಡಲು ಒಪ್ಪಿದ ಮೇಲೆ ಆ ಬಿರುಕು ಮುಚ್ಚಲಾಗದಷ್ಟು ಅಗಲವಾಯಿತು. ಜಗಳ ಎಷ್ಟೇ ದೊಡ್ಡದಿರಲಿ, ಬಿಷಪ್ ಇರುವ ಚರ್ಚಿನಲ್ಲಿ ಸಿನೊಡ್ ಎಂಬ ಆಡಳಿತ ಸಭೆ ಇದೆ, ವರ್ಗಾವಣೆ ಇದೆ, ದೂರು ಕೊಡುವ ಜಾಗ ಇದೆ. ಆಸ್ತಿ ವ್ಯಾಜ್ಯಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆಯುವುದೂ ಇದೆ. ಕೋರ್ಟಿಗೆ ಹೋಗಲು ಸಾಧ್ಯವಾಗುವುದಾದರೂ ದಾಖಲೆ ಇರುವುದರಿಂದಲೇ.

ಬ್ಯಾಪ್ಟಿಸ್ಟರಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಸದಸ್ಯರೇ ಪಾಸ್ಟರನ್ನು ಆರಿಸುತ್ತಾರೆ. ಬ್ರೆದ್ರನ್ ಸಭೆಗಳಲ್ಲಿ ಸಂಬಳದ ಪಾಸ್ಟರೇ ಇಲ್ಲ, ಹಿರಿಯರು ಸಭೆ ನಡೆಸುತ್ತಾರೆ. ಅಸೆಂಬ್ಲೀಸ್ ಆಫ್ ಗಾಡ್ ನಡುವಿನ ದಾರಿ ಹಿಡಿದಿದೆ. ಸಭೆ ಸ್ವತಂತ್ರವಾದರೂ ಪಾಸ್ಟರಿಗೆ ಮಾನ್ಯತೆ ಕೊಡುವುದು, ಹಿಂಪಡೆಯುವುದು ಮೇಲಿನ ಮಂಡಳಿ.

ಇವಿಷ್ಟನ್ನೂ ಬಿಟ್ಟು ವೇಗವಾಗಿ ಬೆಳೆಯುತ್ತಿರುವುದು ಸ್ವತಂತ್ರ ಸಭೆ. ಒಬ್ಬ ಪಾಸ್ಟರ್, ಬಾಡಿಗೆಯ ಹಾಲ್ ಅಥವಾ ಯಾರದೋ ಮನೆಯ ಮುಂದಿನ ಕೋಣೆ, ಒಂದು ಕೀಬೋರ್ಡ್, ಮೈಕು. ಇದು ಬೆಳೆಯಲು ಸಂಚು ಬೇಕಿಲ್ಲ, ನಗರದ ಬದುಕೇ ಸಾಕು. ಗದಗದಿಂದ ಗೋವಾದ ಝುವಾರಿನಗರಕ್ಕೆ ಬಂದ ಕೂಲಿ ಕುಟುಂಬಕ್ಕೆ ಭಾಷೆ ಹೊಸದು, ನೆಂಟರಿಲ್ಲ, ಆಸ್ಪತ್ರೆ ದುಬಾರಿ, ಗಂಡ ಕುಡಿತಕ್ಕೆ ಬಿದ್ದರೆ ಹೇಳಿಕೊಳ್ಳಲು ಯಾರಿಲ್ಲ. ಅಂಥಲ್ಲಿ ಉತ್ತರ ಕರ್ನಾಟಕದ ಮಾತಿನಲ್ಲೇ ‘ಯಾಕವ್ವಾ, ಏನಾತು?’ ಎಂದು ಕೇಳಿ, ಮಗುವಿಗೆ ಜ್ವರ ಬಂದಾಗ ರಾತ್ರಿ ಬಂದು ಪ್ರಾರ್ಥಿಸುವ ಪಾಸ್ಟರ್ ಸಿಕ್ಕರೆ ಆ ಸಭೆಯೇ ಊರಾಗುತ್ತದೆ. ಕುಡಿತ ಬಿಟ್ಟ ಗಂಡಸಿನ ಸಂಬಳ ಮನೆಗೆ ಬರುತ್ತದೆ. ಹಾಗೆ ಬದುಕು ಸುಧಾರಿಸಿದವರ ಮಾತನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು.

ಅಪಾಯ ಇರುವುದೂ ಇಲ್ಲೇ. ಈ ಪಾಸ್ಟರಿನ ಮೇಲೆ ಬಿಷಪ್ ಇಲ್ಲ, ಮಂಡಳಿ ಇಲ್ಲ. ಟ್ರಸ್ಟ್ ನೋಂದಣಿಯಾಗಿದ್ದರೆ ಮಹಾರಾಷ್ಟ್ರದಲ್ಲಿ ಚಾರಿಟಿ ಕಮಿಷನರಿಗೆ ಲೆಕ್ಕ ಕೊಡಬೇಕು. ಇಲ್ಲದಿದ್ದರೆ ಗಳಿಕೆಯ ಹತ್ತನೇ ಒಂದು ಪಾಲನ್ನು ಕಾಣಿಕೆಯಾಗಿ ಕೊಡುವ ದಶಮಾಂಶದ ಹಣ ಎಲ್ಲಿ ಹೋಯಿತೆಂದು ಕೇಳಲು ಸಭೆಯವರಿಗೆ ದಾರಿಯೇ ಇಲ್ಲ. ‘ಔಷಧ ನಿಲ್ಲಿಸು, ನಂಬಿಕೆ ಸಾಕು’ ಎಂದು ಒಬ್ಬ ಪಾಸ್ಟರ್ ಹೇಳಿಬಿಟ್ಟರೆ ತಡೆಯುವ ಹಿರಿಯರಿಲ್ಲ. ಒಳ್ಳೆಯ ಪಾಸ್ಟರಿಗೂ ಕೆಟ್ಟ ಪಾಸ್ಟರಿಗೂ ಹೊರಗಿನಿಂದ ಕಾಣುವ ವ್ಯತ್ಯಾಸ ಏನೂ ಇರುವುದಿಲ್ಲ. ಹೊಣೆಗಾರಿಕೆಯ ಈ ಕೊರತೆಯಿಂದ ಮೊದಲು ನೋಯುವವರು ವಿಶ್ವಾಸಿಗಳೇ.

ಕಾಣಿಕೆ ಮತ್ತು ಆಶೀರ್ವಾದ

ಹಣದ ವಿಷಯದಲ್ಲಿ ಎದ್ದು ಕಾಣುವುದು ‘ಸಮೃದ್ಧಿಯ ಸುವಾರ್ತೆ’. ದೇವರಿಗೆ ಕೊಟ್ಟಷ್ಟು ದೇವರು ಹಲವು ಪಟ್ಟು ಮರಳಿಸುತ್ತಾನೆ, ಬಡತನ ಮತ್ತು ರೋಗ ನಂಬಿಕೆಯ ಕೊರತೆಯ ಗುರುತು ಎಂಬ ಬೋಧನೆ ಇದು. 1977ರಲ್ಲಿ ಎದಿರ್ ಮಸೆದೊ ಬ್ರೆಜಿಲಿನಲ್ಲಿ ಕಟ್ಟಿದ ಯುನಿವರ್ಸಲ್ ಚರ್ಚ್ ಇದರ ದೊಡ್ಡ ಉದಾಹರಣೆ. 2014ರಲ್ಲಿ ಸಾವೊ ಪಾವ್ಲೊದಲ್ಲಿ ಅದು ಸೊಲೊಮೋನನ ದೇವಾಲಯದ ಹೆಸರಿನಲ್ಲಿ ಭವ್ಯ ಕಟ್ಟಡ ಎಬ್ಬಿಸಿತು. ಇಂಥ ಬೋಧನೆಯನ್ನು ಅತಿ ಕಟುವಾಗಿ ಖಂಡಿಸುವವರು ಇವಾಂಜೆಲಿಕಲ್ ವಿದ್ವಾಂಸರೇ. ದಿನಗೂಲಿಯವನ ಕೈಯಿಂದ ಭರವಸೆಯ ಹೆಸರಿನಲ್ಲಿ ಕಾಣಿಕೆ ಕಿತ್ತುಕೊಳ್ಳುವುದು ಯಾವ ಧರ್ಮದ ವೇದಿಕೆಯಿಂದ ನಡೆದರೂ ಅನ್ಯಾಯವೇ.

ಮತ ಹಾಕುವಾಗ ಬೇರೆ ಬೇರೆ

ಅಮೆರಿಕದ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಎಂಟು ಮಂದಿ 2016ರಲ್ಲಿ ಟ್ರಂಪ್ ಅವರಿಗೆ ಮತ ಹಾಕಿದರು. ಹೊರಗಿನ ಜಗತ್ತಿಗೆ ಇವಾಂಜೆಲಿಕಲ್ ಎಂದರೆ ಇವರೇ ಎನಿಸಿದ್ದು ಹೀಗೆ. ಅದೇ ಬೈಬಲ್, ಅದೇ ಶಿಲುಬೆ, ಅದೇ ಹೊಸ ಜನ್ಮದ ನಂಬಿಕೆಯ ಕಪ್ಪು ಜನರ ಸಭೆಗಳು ದೊಡ್ಡ ಬಹುಮತದಿಂದ ಡೆಮಾಕ್ರಟಿಕ್ ಪಕ್ಷದ ಕಡೆಗಿವೆ. ದಕ್ಷಿಣದ ಬ್ಯಾಪ್ಟಿಸ್ಟರ ಒಕ್ಕೂಟ 1845ರಲ್ಲಿ ಬೇರೆಯಾದದ್ದೇ ಗುಲಾಮಗಿರಿಯ ಪರ ನಿಂತು. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಸಮ್ಮೇಳನದಲ್ಲಿ ರೆನೆ ಪಡಿಲ್ಲಾ, ಸ್ಯಾಮ್ಯುಯೆಲ್ ಎಸ್ಕೊಬಾರ್ ಎಂಬ ಲ್ಯಾಟಿನ್ ಅಮೆರಿಕದ ಇವಾಂಜೆಲಿಕಲ್ಲರು, ಬಡವರ ನ್ಯಾಯವನ್ನು ಬಿಟ್ಟ ಸುವಾರ್ತೆ ಅರ್ಧ ಸುವಾರ್ತೆ ಎಂದು ವಾದಿಸಿದರು. ಒಂದೇ ನಂಬಿಕೆ ಜನಾಂಗ, ವರ್ಗ, ಇತಿಹಾಸಕ್ಕೆ ತಕ್ಕಂತೆ ಬೇರೆ ಬೇರೆ ರಾಜಕೀಯ ಕಂಡುಕೊಳ್ಳುತ್ತದೆ. ಹಾಗಿರುವಾಗ ಟೆಕ್ಸಸ್ಸಿನ ಟೀವಿ ಪ್ರಸಂಗಿಯ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಝುವಾರಿನಗರದ ಸಭೆಯನ್ನು ಅಳೆಯುವುದು ತಪ್ಪು.

ಕಾನೂನು ಬಂದರೆ ಯಾರಿಗೆ ತಗಲುತ್ತದೆ

ಮತಾಂತರ ತಡೆ ಕಾನೂನಿನ ಪರ ಇರುವವರ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಬಡತನ, ರೋಗ, ಅಸಹಾಯಕತೆಯನ್ನು ಬಳಸಿಕೊಂಡು ಧರ್ಮ ಬದಲಿಸುವುದು ತಪ್ಪು. ಧರ್ಮ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ವಿರೋಧಿಸುವವರು 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಮುಂದಿಡುತ್ತಾರೆ: ವಯಸ್ಕ ವ್ಯಕ್ತಿ ಏನನ್ನು ನಂಬಬೇಕೆಂದು ಜಿಲ್ಲಾಧಿಕಾರಿಯ ಅನುಮತಿ ಏಕೆ ಬೇಕು?

ತೊಡಕು ಇರುವುದು ವ್ಯಾಖ್ಯೆಯಲ್ಲಿ. ಕರ್ನಾಟಕದ 2022ರ ಕಾಯ್ದೆ ‘ಆಮಿಷ’ ಎಂಬುದರಲ್ಲಿ ಹಣ, ಉಡುಗೊರೆಗಳ ಜೊತೆಗೆ ಉತ್ತಮ ಜೀವನದ ಭರವಸೆ, ದೈವಕೋಪದ ಮಾತನ್ನೂ ಸೇರಿಸಿತು. ಮೂವತ್ತು ದಿನ ಮೊದಲೇ ನೋಟಿಸ್ ಕೊಡಬೇಕೆಂದಿತು. ಅದನ್ನು ಹಿಂಪಡೆಯಲು ಮುಂದಿನ ಸರ್ಕಾರದ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಇಂಥ ವ್ಯಾಖ್ಯೆಯಡಿ ‘ಪ್ರಾರ್ಥಿಸಿದರೆ ನಿನ್ನ ಬದುಕು ಸುಧಾರಿಸುತ್ತದೆ’ ಎಂಬ ಮಾತೇ ಅಪರಾಧವಾಗಬಹುದು. ಆ ಮಾತಿಲ್ಲದ ಪೆಂಟೆಕೋಸ್ಟಲ್ ಪ್ರಸಂಗ ಜಗತ್ತಿನಲ್ಲೇ ಇಲ್ಲ. ಜಮೀನು, ವಕೀಲರು, ಶಾಲಾ ಕಾಲೇಜು ಇರುವ ದೊಡ್ಡ ಚರ್ಚುಗಳು ತಡೆದುಕೊಳ್ಳುತ್ತವೆ. ಕೇಸು ಬೀಳುವುದು ಹಾಲಿನ ಬಾಡಿಗೆ ಕಟ್ಟಲು ಪರದಾಡುವ ಪಾಸ್ಟರಿನ ಮೇಲೆ. ಕಾನೂನಿಗೂ ಮೊದಲೇ ಗುಂಪುಗಳು ಬಾಗಿಲಿಗೆ ಬರುತ್ತವೆ, ಹೆದರಿದ ಮಾಲೀಕ ಹಾಲ್ ಬಿಡಿಸುತ್ತಾನೆ, ಪ್ರಾರ್ಥನೆ ಇನ್ನಷ್ಟು ಒಳಮನೆಗೆ ಸರಿಯುತ್ತದೆ. ಆಗ ಹೊಣೆಗಾರಿಕೆ ಇನ್ನಷ್ಟು ಕಡಿಮೆಯಾಗುತ್ತದೆ.

ಗೋವಾದಲ್ಲಿ ಇಂಥ ವಿಶೇಷ ಕಾನೂನು ಇಲ್ಲದಿದ್ದಾಗಲೂ 2022ರ ಮೇ ತಿಂಗಳಲ್ಲಿ ಸಿಯೋಲಿಂನ ಸ್ವತಂತ್ರ ಸಭೆಯ ಪಾಸ್ಟರೊಬ್ಬರನ್ನು ಆಮಿಷದ ಮತಾಂತರದ ಆರೋಪದಲ್ಲಿ ಪೊಲೀಸರು ಬಂಧಿಸಿದ್ದರು. 2011ರ ಗಣತಿಯಂತೆ ಗೋವಾದ ಶೇ. 25ರಷ್ಟು ಜನ ಕ್ರೈಸ್ತರು, ಅವರಲ್ಲಿ ಬಹುಪಾಲು ಕ್ಯಾಥೊಲಿಕರು. ಸುದ್ದಿ ಓದಿದ ಹೊರಗಿನವರು ಕ್ಯಾಥೊಲಿಕ್ ಆರ್ಚ್‌ಬಿಷಪ್ ಉತ್ತರಿಸಲಿ ಎಂದು ಬಯಸುತ್ತಾರೆ. ಆ ಸಭೆಯ ಮೇಲೆ ಅವರಿಗೆ ಯಾವ ಅಧಿಕಾರವೂ ಇಲ್ಲ. ಅವರ ಜನರನ್ನೇ ಆ ಸಭೆಗಳು ಸೆಳೆಯುತ್ತಿವೆ.

ವಿದೇಶಿ ಹಣದ ಕಡಿವಾಣದ ಪರಿಣಾಮವೂ ಅಂದುಕೊಂಡಂತಿಲ್ಲ. 2024ರಲ್ಲಿ ಕೇಂದ್ರವು ಇವಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ, ಸಿಎನ್‌ಐನ ಸಮಾಜಸೇವಾ ಮಂಡಳಿ ಮುಂತಾದವುಗಳ ವಿದೇಶಿ ದೇಣಿಗೆ ನೋಂದಣಿ ರದ್ದು ಮಾಡಿತು. ಲೆಕ್ಕಪತ್ರ ಇಟ್ಟ ಸಂಸ್ಥೆಗಳು ಸೊರಗಿದವು. ದಶಮಾಂಶದಿಂದಲೇ ನಡೆಯುವ ಮನೆ ಸಭೆಗಳಿಗೆ ಅದರಿಂದ ಏನೂ ಆಗುವುದಿಲ್ಲ. ಮೋಸದ ಪವಾಡಗಳ ವಿಷಯಕ್ಕಾದರೆ, ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಹತ್ಯೆಯ ಬೆನ್ನಲ್ಲೇ 2013ರಲ್ಲಿ ಬಂದ ಮಾಟಮಂತ್ರ ವಿರೋಧಿ 
ಕಾನೂನು ಮಹಾರಾಷ್ಟ್ರದಲ್ಲಿ ಈಗಾಗಲೇ ಇದೆ. ಅದು ಬಾಬಾ, ಮೌಲ್ವಿ, ಪಾಸ್ಟರ್ ಎಲ್ಲರಿಗೂ ಒಂದೇ. ವಂಚನೆಯನ್ನು ವಂಚನೆ ಎಂದೇ ಹಿಡಿಯುವ ಆ ದಾರಿ ಹೆಚ್ಚು ನ್ಯಾಯವಾದದ್ದು.

ಕಾಗದದಲ್ಲಿ ಯಾರು ಏನು

ಸಭೆಗೆ ಹೋಗುವ ಅನೇಕ ದಲಿತರು ಕಾಗದದಲ್ಲಿ ಹಿಂದೂಗಳಾಗಿಯೇ ಉಳಿಯುತ್ತಾರೆ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯಿಸಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಇಲ್ಲ. ಬಾಬಾಸಾಹೇಬರ ಹಾದಿ ಹಿಡಿದ ಬೌದ್ಧ ನೆರೆಯವನಿಗೆ ಉಳಿಯುವ ಮೀಸಲಾತಿ, ಅದೇ ಕೇರಿಯ ಮೆಥಡಿಸ್ಟನಿಗೆ ಇಲ್ಲ. ಮತಾಂತರಗೊಂಡರೂ ಕೇರಿ ಬದಲಾಗುವುದಿಲ್ಲ, ಜಾತಿಯ ಅವಮಾನವೂ ತಪ್ಪುವುದಿಲ್ಲ ಎಂಬುದನ್ನು ಕಂಡವರಿಗೆ ಈ ನಿಯಮ ಅನ್ಯಾಯವಾಗಿ ಕಾಣುವುದು ಸಹಜ. ಆದರೆ ಕ್ರೈಸ್ತ ನಂಬಿಕೆ ಪಾಲಿಸುತ್ತ ಪರಿಶಿಷ್ಟ ಜಾತಿ ಸೌಲಭ್ಯ ಕೇಳುವುದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಒಪ್ಪಲಿಲ್ಲ. ಆ ತೀರ್ಪನ್ನು ಮುಂದಿಟ್ಟುಕೊಂಡೇ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ 2025ರ ಜುಲೈಯಲ್ಲಿ ಇಂಥ ಜಾತಿ ಪ್ರಮಾಣಪತ್ರಗಳನ್ನು ರದ್ದು ಮಾಡುವುದಾಗಿ ವಿಧಾನ ಪರಿಷತ್ತಿನಲ್ಲಿ ಹೇಳಿದರು.

2027ರ ಫೆಬ್ರವರಿಗೆ ನಿಗದಿಯಾಗಿರುವ ಜನಗಣತಿಯಲ್ಲಿ ಧರ್ಮದ ಜೊತೆ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಕ್ರೈಸ್ತನೆಂದರೆ ಮಗಳ ವಿದ್ಯಾರ್ಥಿವೇತನಕ್ಕೆ ಕುತ್ತು ಬಂದೀತೆಂಬ ಭಯ, ಹಿಂದೂ ಎಂದರೆ ಭಾನುವಾರದ ಸಭೆ ಮುಚ್ಚಿಡುವ ವಿಷಯ. 2011ರಲ್ಲಿ ಮಹಾರಾಷ್ಟ್ರದ ಕ್ರೈಸ್ತರು ಶೇ. 1ಕ್ಕಿಂತ ತುಸು ಕಡಿಮೆ ಇದ್ದರು. ಆ ಅಂಕಿ ಮುಂದಿನ ಗಣತಿಯಲ್ಲಿ ಇನ್ನೂ ಇಳಿದರೆ ಸಭೆಗಳು ಬರಿದಾಗಿವೆ ಎಂದೂ, ಏರಿದರೆ ಮತಾಂತರದ ಅಲೆ ಎದ್ದಿದೆ ಎಂದೂ ಸುದ್ದಿಯಾಗುತ್ತದೆ. ಅದೇ ನಮೂನೆಗೆ ಬೀದರಿನ ಕುಟುಂಬವೊಂದು ಪುಣೆಯಲ್ಲಿ ಕೊಡುವ ಉತ್ತರ ಅವರ ನಂಬಿಕೆಗಿಂತ ಹೆಚ್ಚಾಗಿ ಅವರ ಜಾತಿ ಪ್ರಮಾಣಪತ್ರವನ್ನು ಅವಲಂಬಿಸಿರುತ್ತದೆ.